ಜಿಂಕೆ ಬೇಟೆಗೆ ರೈಫಲ್: ಎಷ್ಟು ದೂರದಿಂದ ಹೊಡೆಯಬಹುದು?

ವಿದ್ಯಾನಗರ_ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಕೆಲಸದಲ್ಲಿದ್ದಾನೆ. ಈ ನವೆಂಬರ್‌ನಲ್ಲಿ ಆಫೀಸಿನ ಗೆಳೆಯರು ಅವನನ್ನು ಜಿಂಕೆ ಬೇಟೆಗೆ ಕರೆದಿದ್ದಾರೆ. ಅಲ್ಲಿ ಸರ್ಕಾರವೇ ಲೈಸೆನ್ಸ್ ಕೊಡುತ್ತದೆ. ಯಾವಾಗ, ಎಷ್ಟು ಹೊಡೆಯಬಹುದು ಎಂಬ ನಿಯಮವೂ ಇದೆ.

ತಮ್ಮ ಕಾಲೇಜಿನಲ್ಲಿದ್ದಾಗ ಹುಬ್ಬಳ್ಳಿಯಲ್ಲೇ ಏರ್ ರೈಫಲ್ ಕಲಿತಿದ್ದ. ಆದರೆ ದೊಡ್ಡ ರೈಫಲ್ ಹಿಡಿದವನಲ್ಲ. ಒಬ್ಬ ಗೆಳೆಯ ತನ್ನ ಹಳೆಯ .308 (ತೋಟಾದ ಅಳತೆ) ರೈಫಲ್ ಕೊಡಲು ಒಪ್ಪಿದ್ದಾನೆ. 100 ಗಜ ದೂರದಲ್ಲಿ ಅದರ ಗುಂಡುಗಳು ಒಂದೂವರೆ ಇಂಚಿನೊಳಗೆ ಬೀಳುತ್ತವಂತೆ. ಅಂಗಡಿಯವನು ಬೇರೆ ರಾಗ ಹಾಡುತ್ತಿದ್ದಾನೆ. ಹೊಸ ರೈಫಲ್ ತಗೊಳ್ಳಿ, ಮುಕ್ಕಾಲು ಇಂಚು ಗ್ಯಾರಂಟಿ, 400 ಗಜಕ್ಕೂ ಚಿಂತೆ ಬೇಡ ಅಂತ.

ತಮ್ಮ ನನ್ನನ್ನು ಕೇಳಿದ: ಅಣ್ಣಾ, ನಾನು ಎಷ್ಟು ದೂರಕ್ಕೆ ಹೊಡೆದರೆ ಸರಿ? ಹೊಸ ರೈಫಲ್‌ಗೆ ದುಡ್ಡು ಹಾಕಲೇ? ಮೊದಲ ಸಲ ಹೋಗುತ್ತಿದ್ದಾನೆ. ಪ್ರಾಣಿ ಒದ್ದಾಡಬಾರದು ಎನ್ನುವುದೇ ಅವನ ದೊಡ್ಡ ಚಿಂತೆ, ನನ್ನದೂ ಅದೇ. ಇಲ್ಲಿ ಸೈನ್ಯದಲ್ಲಿ ಇದ್ದವರು, ಶೂಟಿಂಗ್ ಗೊತ್ತಿರುವವರು ಇದ್ದೀರಿ. ದಯವಿಟ್ಟು ಹೇಳಿ.

ನಿರ್ವಾಹಕ

ಚರ್ಚೆ ಮುಂದುವರಿಯಲಿ. ಆದರೆ ಓದುವ ಎಲ್ಲರಿಗೂ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಜಿಂಕೆ, ಕಡವೆ, ಚಿಗರಿ ಯಾವುದನ್ನೂ ಬೇಟೆಯಾಡುವಂತಿಲ್ಲ. ಚಿಗರಿ, ಅಂದರೆ ಕೃಷ್ಣಮೃಗ, ಮೊದಲನೇ ಅನುಸೂಚಿಯಲ್ಲಿದೆ. ಅದನ್ನು ಕೊಂದಿದ್ದು ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಕಲಘಟಗಿ, ಅಳ್ನಾವರ ಕಾಡಿನ ಬಗ್ಗೆಯಾಗಲಿ, ರಾಣೆಬೆನ್ನೂರಿನ ಬಗ್ಗೆಯಾಗಲಿ ಇಲ್ಲಿ ಯಾರೂ ಬೇಟೆಯ ಮಾತು ಎತ್ತಬೇಡಿ. ಎತ್ತಿದರೆ ಅಳಿಸುತ್ತೇನೆ.

ಬ್ಯಾಡಗಿ_ಟು_ಮಿನೆಸೋಟ

ನಾನು ಹಾವೇರಿ ಜಿಲ್ಲೆಯವನು, ವಿಸ್ಕಾನ್ಸಿನ್‌ನ ಪಕ್ಕದ ಮಿನೆಸೋಟದಲ್ಲಿದ್ದೇನೆ. ನವೆಂಬರ್‌ನಲ್ಲಿ ಜಿಂಕೆ ಬೇಟೆಗೆ ಹೋಗುತ್ತೇನೆ. ರೈಫಲ್ ಮಾತಿಗೆ ಮುಂಚೆ ಕಾಗದಪತ್ರದ ಮಾತು.

ನಿಮ್ಮ ತಮ್ಮ ಎಚ್1ಬಿ ವೀಸಾದಲ್ಲಿದ್ದಾನಾ? ಹಾಗಿದ್ದರೆ ಇದನ್ನು ಗಮನ ಇಟ್ಟು ಓದಲಿ. ಇಂಥ ವೀಸಾದವರು ಬಂದೂಕು ಕೊಳ್ಳುವುದಷ್ಟೇ ಅಲ್ಲ, ಬೇರೆಯವರ ಬಂದೂಕು ತಮ್ಮ ಬಳಿ ಇಟ್ಟುಕೊಳ್ಳುವುದೂ ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಕೆಲವು ವಿನಾಯಿತಿಗಳಿವೆ. ಅದರಲ್ಲಿ ನಮ್ಮಂಥವರಿಗೆ ಉಪಯೋಗ ಆಗುವುದು ಒಂದು: ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ಆಗುತ್ತದೆ. ಅದಕ್ಕೇ ಲೈಸೆನ್ಸ್ ಮೊದಲು, ಗುರಿ ಅಭ್ಯಾಸದ ಮೈದಾನ ಅಂದರೆ ರೇಂಜ್‌ಗೆ ಹೋಗಿ ಗೆಳೆಯನ ರೈಫಲ್ ಹಿಡಿಯುವುದು ಆಮೇಲೆ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ.

ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಲೈಸೆನ್ಸ್ ಪಡೆಯಲು ಬೇಟೆ ಸುರಕ್ಷತೆಯ ಕೋರ್ಸ್ ಮುಗಿಸಿರಬೇಕು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಸೀಸನ್ ಶುರುವಾಗಿ 9 ದಿನ ನಡೆಯುತ್ತದೆ. ಆಗ ಕಣ್ಣಿಗೆ ಹೊಡೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಬಟ್ಟೆ ಕಡ್ಡಾಯ. ಇನ್ನೊಬ್ಬ ಬೇಟೆಗಾರ ನಿಮ್ಮನ್ನು ಪ್ರಾಣಿ ಅಂದುಕೊಳ್ಳಬಾರದಲ್ವಾ?

ದೂರದ ಬಗ್ಗೆ ಈಗ ಒಂದೇ ಮಾತು ಹೇಳುತ್ತೇನೆ. ಈ ಕಡೆಯ ಕಾಡು ದಟ್ಟ. ಮರದ ಮೇಲಿನ ಅಟ್ಟಣೆಯಲ್ಲಿ ಕೂತರೆ 100 ಗಜದಾಚೆ ಏನೂ ಕಾಣದ ಜಾಗಗಳೇ ಜಾಸ್ತಿ. 400 ಗಜದ ಪ್ರಶ್ನೆ ಏಳುವುದು ದೊಡ್ಡ ಹೊಲದ ಅಂಚಿನಲ್ಲಿ ಕೂತವರಿಗೆ ಮಾತ್ರ.

ಸಪ್ತಾಪುರ_ಲೆಕ್ಕ

ನಾನು ಗಣಿತ ಹೇಳಿಕೊಡುವವನು, ಬಂದೂಕಿನವನಲ್ಲ. ಆದರೆ ಅಂಗಡಿಯವರ ಮಾತಿನಲ್ಲಿ ಲೆಕ್ಕ ಇದೆ. ಆ ಲೆಕ್ಕ ಅರ್ಧ ಇದೆ. ಉಳಿದರ್ಧ ನಾನು ಹಾಕುತ್ತೇನೆ.

ರೈಫಲ್ ಎಷ್ಟು ನಿಖರ ಎಂದು ಹೇಳಲು ಎಂಒಎ ಎಂಬ ಅಳತೆ ಬಳಸುತ್ತಾರೆ. ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲು 1 ಎಂಒಎ. 100 ಗಜದಲ್ಲಿ ಅದು 1.047 ಇಂಚು. ಸುಮ್ನೆ ಒಂದು ಇಂಚು ಅನ್ನೋಣ. ಕೋನ ಆದ್ದರಿಂದ ದೂರ ಎರಡರಷ್ಟಾದರೆ ಅಗಲವೂ ಎರಡರಷ್ಟು. ಅಂಗಡಿಯವರ ಮುಕ್ಕಾಲು ಇಂಚು 400 ಗಜದಲ್ಲಿ 3 ಇಂಚು ಆಗುತ್ತದೆ. ಜಿಂಕೆಯ ಎದೆಯಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗ 8 ರಿಂದ 10 ಇಂಚು, ಹೆಚ್ಚುಕಡಿಮೆ ನಮ್ಮ ಜೋಳದ ರೊಟ್ಟಿಯಷ್ಟು. 8 ಇಂಚಿನ ಜಾಗದಲ್ಲಿ 3 ಇಂಚು ಆರಾಮಾಗಿ ಕೂರುತ್ತದೆ, ಹಾಗಾಗಿ 400 ಗಜ ಸಲೀಸು. ಇದು ಅವರ ಲೆಕ್ಕ.

ಆ ಮುಕ್ಕಾಲು ಇಂಚು ಎಲ್ಲಿ ಸಿಕ್ಕಿದ್ದು? ಟೇಬಲ್ ಮುಂದೆ ಕುರ್ಚಿ ಹಾಕಿಕೊಂಡು, ರೈಫಲ್ ಅನ್ನು ಮರಳಿನ ಚೀಲದ ಮೇಲೆ ಇಟ್ಟು, ಉಸಿರು ಹಿಡಿದು ಹೊಡೆದಾಗ. ಅದೂ ಹೆಚ್ಚಾಗಿ 3 ಗುಂಡಿನ ಗುಂಪು, ಅಂದರೆ ಕಾಗದದ ಮೇಲೆ ಬಿದ್ದ 3 ತೂತು. ಗುಂಪು ಇಷ್ಟು ಇಂಚು ಎಂದರೆ ತೀರಾ ದೂರದ ಎರಡು ತೂತಿನ ನಡುವಿನ ಅಂತರ. ಗುಂಡುಗಳ ಸಂಖ್ಯೆ ಜಾಸ್ತಿಯಾದಂತೆ ಗುಂಪು ಹಿಗ್ಗುತ್ತದೆ. ಅದೇ ರೈಫಲ್, ಅದೇ ಮನುಷ್ಯ 10 ಗುಂಡು ಹೊಡೆದರೆ ಗುಂಪು ಸರಾಸರಿಯಲ್ಲಿ 3 ಗುಂಡಿನ ಗುಂಪಿಗಿಂತ ಸುಮಾರು 1.6 ಪಟ್ಟು ದೊಡ್ಡದಾಗಿರುತ್ತದೆ. ಇದು ರೈಫಲ್ ಕೆಟ್ಟಿದ್ದಕ್ಕಲ್ಲ, ಸಂಭವನೀಯತೆಯ ಸಾದಾ ಫಲ. 3 ಗುಂಡಿನ ಕಾಗದ ತೋರಿಸಿ ಗ್ಯಾರಂಟಿ ಎಂದರೆ ನಂಬಬೇಡಿ, 10 ಗುಂಡಿನ ಕಾಗದ ಕೇಳಿ.

ಈಗ ನಿಮ್ಮ ತಮ್ಮ ಕಾಡಿನಲ್ಲಿ ಕೂತು, ಕೋಲಿಗೆ ರೈಫಲ್ ಒರಗಿಸಿ 100 ಗಜಕ್ಕೆ 10 ಗುಂಡು ಹೊಡೆದ ಎಂದು ಇಟ್ಟುಕೊಳ್ಳೋಣ. ಗುಂಪು 4 ಇಂಚು ಬಂತು. ಹೊಸಬನಿಗೆ ಅದು ಒಳ್ಳೆಯ ಗುಂಪೇ. ಗುಂಡುಗಳು ನಡುವಿನ ಸುತ್ತ ಸಹಜ ವಿತರಣೆಯಲ್ಲಿ ಹರಡುತ್ತವೆ ಎಂದು ಹಿಡಿದು ಲೆಕ್ಕ ಹಾಕಿದೆ. 8 ಇಂಚಿನ ವೃತ್ತದೊಳಗೆ ಗುಂಡು ಬೀಳುವ ಸಾಧ್ಯತೆ 100 ಗಜದಲ್ಲಿ ಶೇ. 99ಕ್ಕೂ ಮೇಲೆ. 150 ಗಜದಲ್ಲಿ ಶೇ. 96. 200 ಗಜದಲ್ಲಿ ಶೇ. 84. 300 ಗಜದಲ್ಲಿ ಶೇ. 55. ಅಂದರೆ 300 ಗಜದಲ್ಲಿ ಹೆಚ್ಚುಕಡಿಮೆ ನಾಣ್ಯ ಚಿಮ್ಮಿದಂತೆ.

ನಿಂತು ಹೊಡೆದಾಗ 100 ಗಜಕ್ಕೆ ಗುಂಪು 8 ಇಂಚು ಬಂತು ಅನ್ನಿ. ಆಗ 100 ಗಜದಲ್ಲೇ ಶೇ. 84. 200ಕ್ಕೆ ಶೇ. 36. ಇದರಲ್ಲಿ ಗಾಳಿ ಇಲ್ಲ, ದೂರದ ಅಂದಾಜಿನ ತಪ್ಪಿಲ್ಲ, ಜಿಂಕೆ ಅಲುಗಾಡಿಲ್ಲ. ಎಲ್ಲ ಅನುಕೂಲವಾಗಿದ್ದಾಗಿನ ಲೆಕ್ಕ ಇದು.

ಇನ್ನು ಹೊಸ ರೈಫಲ್ ವಿಷಯ. ಎರಡು ಬೇರೆ ಬೇರೆ ಅಲುಗಾಟಗಳು ಸೇರಿದಾಗ ಅವುಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. ಒಂದು ರೈಫಲ್‌ನ ಅಲುಗಾಟ, ಇನ್ನೊಂದು ಮನುಷ್ಯನದು. ಹಳೆಯ ರೈಫಲ್‌ನ ಒಂದೂವರೆ ಇಂಚೂ ಹೊಸದರ ಮುಕ್ಕಾಲು ಇಂಚೂ 10 ಗುಂಡಿನವೇ ಎಂದುಕೊಂಡರೆ, ರೈಫಲ್ ಬದಲಾಯಿಸಿದ್ದಕ್ಕೆ ತಮ್ಮನ 4 ಇಂಚಿನ ಗುಂಪು 3.8 ಇಂಚಿಗೆ ಇಳಿಯುತ್ತದೆ. 200 ಗಜದಲ್ಲಿ ಶೇ. 84 ಇದ್ದದ್ದು ಶೇ. 87 ಆಗುತ್ತದೆ. ರೈಫಲ್ ಎರಡು ಪಟ್ಟು ನಿಖರವಾದರೂ ಸಿಕ್ಕ ಲಾಭ ಇಷ್ಟೇ. ಆ ದುಡ್ಡಿನಲ್ಲಿ ತೋಟಾ ಕೊಂಡು ಅಭ್ಯಾಸ ಮಾಡಲಿ.

ಗೋಕುಲ_ರಸ್ತೆ

ಸರ್, ಲೆಕ್ಕ ಚೆನ್ನಾಗಿದೆ. ಆದರೆ 400 ಗಜ ಎಂದರೆ ಅಂಗಡಿಯ ಮಾತು ಎಂದು ತಳ್ಳಿಹಾಕುವುದು ನ್ಯಾಯ ಅಲ್ಲ. 6.5 ಕ್ರೀಡ್‌ಮೋರ್ ಎಂಬ ತೋಟಾ 2007ರಲ್ಲಿ ಬಂತು. ದೂರದ ಗುರಿ ಸ್ಪರ್ಧೆಗೆಂದೇ ಮಾಡಿದ್ದು, ಗಾಳಿಗೆ ಕಡಿಮೆ ಸರಿಯುತ್ತದೆ. ಲೇಸರ್ ದೂರಮಾಪಕ ಇದ್ದರೆ ದೂರ ಕರಾರುವಾಕ್ಕಾಗಿ ಗೊತ್ತಾಗುತ್ತದೆ. ರೈಫಲ್ ಮೇಲಿನ ದುರ್ಬೀನು, ಅಂದರೆ ಸ್ಕೋಪ್‌ನಲ್ಲಿ ಗುಂಡಿನ ಇಳಿತ ತಿದ್ದುವ ತಿರುಗುಗುಂಡಿ ಇದೆ. ಸಾಮಾನ್ಯವಾಗಿ ಒಂದು ಕ್ಲಿಕ್ ಎಂದರೆ ಕಾಲು ಎಂಒಎ. ಪಶ್ಚಿಮದ ರಾಜ್ಯಗಳ ಬಯಲಿನಲ್ಲಿ ಮಲಗಿ, ಎರಡು ಕಾಲಿನ ಸ್ಟ್ಯಾಂಡ್ ಹಾಕಿಕೊಂಡು 400 ಗಜಕ್ಕೆ ಒಂದೇ ಗುಂಡಿನಲ್ಲಿ ಕೆಲಸ ಮುಗಿಸುವವರಿದ್ದಾರೆ. ಅವರ ವರ್ಷಗಳ ಶ್ರಮವನ್ನೂ ಗೌರವಿಸಬೇಕು. ನನಗೆ ಈ ವಿದ್ಯೆಯ ಮೇಲೆ ತುಂಬಾ ಪ್ರೀತಿ ಇದೆ, ಅದಕ್ಕೇ ಬರೆದೆ.

ಹವಾಲ್ದಾರ್_ನಿವೃತ್ತ_ಗದಗ

ಗೋಕುಲ ರಸ್ತೆಯವರೇ, ನಿಮ್ಮ ಮಾತು ಒಪ್ಪುತ್ತೇನೆ. ಅಂಥವರು ಇದ್ದಾರೆ. ಅವರು ಮಲಗಿ ಹೊಡೆಯುತ್ತಾರೆ, ವಾರ ವಾರ ಹೊಡೆಯುತ್ತಾರೆ, ಗಾಳಿ ಓದುವುದನ್ನು ಕಲಿತಿರುತ್ತಾರೆ. ಈ ಹುಡುಗ ಮೊದಲ ಸಲ ಹೋಗುತ್ತಿದ್ದಾನೆ. ನಾನು ಅವನಿಗಾಗಿ ಬರೆಯುತ್ತೇನೆ.

ಫೌಜಿನಲ್ಲಿ ಎಸ್‌ಎಲ್‌ಆರ್ ಹೊಡೆದಿದ್ದೇವೆ, ಆಮೇಲೆ ಇನ್ಸಾಸ್. ಮೊದಲು ಗ್ರೂಪಿಂಗ್, ಆಮೇಲೆ ಜೀರೋಯಿಂಗ್. ಗುಂಡುಗಳು ಒಂದೇ ಕಡೆ ಬೀಳುವುದು ಹೊಡೆಯುವವನ ಕೆಲಸ. ಆ ಗುಂಪನ್ನು ಗುರಿಯ ನಡುವಿಗೆ ತರುವುದು ಗುರಿ ನೋಡುವ ಸಾಧನದ, ಅಂದರೆ ಸೈಟ್‌ನ ಕೆಲಸ. ಗುಂಪೇ ಕೂಡದೆ ಸೈಟ್ ತಿರುಗಿಸುತ್ತ ಕೂತರೆ ದಿನವೆಲ್ಲ ಹೋಗುತ್ತದೆ, ಗುಂಡೂ ಹೋಗುತ್ತದೆ.

ದೂರಮಾಪಕ ದೂರ ಹೇಳುತ್ತದೆ, ಗಾಳಿ ಹೇಳುವುದಿಲ್ಲ. ಮಾಮೂಲಿ .308, 150 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ತಗೊಳ್ಳಿ. ತಾಸಿಗೆ 16 ಕಿಲೋಮೀಟರ್ ಅಡ್ಡಗಾಳಿ ಬೀಸುತ್ತಿದೆ. 100 ಗಜದಲ್ಲಿ ಗುಂಡು ಒಂದು ಇಂಚಿನಷ್ಟೂ ಸರಿಯುವುದಿಲ್ಲ. 200 ಗಜದಲ್ಲಿ 3 ಇಂಚು. 300 ಗಜದಲ್ಲಿ 7–8 ಇಂಚು. ದೂರ ಮೂರರಷ್ಟಾದರೆ ಸರಿಯುವುದು ಮೂರರಷ್ಟಲ್ಲ, ಸುಮಾರು ಒಂಬತ್ತರಷ್ಟು. 300ಕ್ಕೆ ರೊಟ್ಟಿಯ ನಡುವಿಗೆ ಗುರಿ ಇಟ್ಟ ಗುಂಡು ರೊಟ್ಟಿಯ ಹೊರಗೇ ಬೀಳುತ್ತದೆ. ಹೊಟ್ಟೆಗೆ ಬಿತ್ತು ಎಂದರೆ ಆ ಪ್ರಾಣಿಯ ಗತಿ ಏನು?

ಗಾಳಿ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ, ಇದನ್ನು ನಮ್ಮ ಊರಲ್ಲೇ ನೋಡಬಹುದು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ಜೋರಾಗಿ ತಿರುಗುತ್ತಿರುತ್ತವೆ. ಕೆಳಗೆ ಹೊಲದಲ್ಲಿ ಜೋಳದ ಗರಿ ಅಲುಗುವುದಿಲ್ಲ. ಹೊಡೆಯುವವನ ಹತ್ತಿರ ಒಂದು ಗಾಳಿ, ನಡುವೆ ಇನ್ನೊಂದು, ಜಿಂಕೆ ನಿಂತಲ್ಲಿ ಮತ್ತೊಂದು. ಹುಲ್ಲು ಎತ್ತ ಬಾಗಿದೆ, ಎಲೆ ಎಷ್ಟು ಅಲುಗುತ್ತಿದೆ ನೋಡಿ ಅಂದಾಜು ಮಾಡಬೇಕು. ಅದು ಒಂದೆರಡು ತಿಂಗಳಲ್ಲಿ ಬರುವ ವಿದ್ಯೆ ಅಲ್ಲ.

ಗುಂಡು ಹೋಗುವ ಹೊತ್ತು ಇನ್ನೊಂದು. 300 ಗಜ ಮುಟ್ಟಲು .308 ಗುಂಡಿಗೆ ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಬಾಯಲ್ಲಿ ಹೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ನೀವು ಟ್ರಿಗರ್ ಒತ್ತಿದ ಕ್ಷಣದಲ್ಲಿ ಜಿಂಕೆ ಮೇಯುತ್ತ ಒಂದು ಹೆಜ್ಜೆ ಮುಂದಿಟ್ಟರೆ ಅಷ್ಟರಲ್ಲಿ ಅದು ಒಂದು ಅಡಿ ಸರಿದಿರುತ್ತದೆ. ನೀವು ಏನೂ ತಪ್ಪು ಮಾಡಿಲ್ಲ, ಗುಂಡು ಮಾತ್ರ ತಪ್ಪು ಜಾಗಕ್ಕೆ ಹೋಯಿತು. ರೇಂಜ್‌ನ ಗುರಿಹಲಗೆ ಹೆಜ್ಜೆ ಇಡುವುದಿಲ್ಲ. 400 ಗಜದ ಮಾತು ಬಂದಾಗಲೆಲ್ಲ ನನ್ನ ತಲೆಗೆ ಮೊದಲು ಬರುವುದು ಇದೇ.

ರಾಣೆಬೆನ್ನೂರು_ರೈತ

ನನಗೆ ಬಂದೂಕಿನ ಲೆಕ್ಕ ತಿಳಿಯುವುದಿಲ್ಲ. ಮನಸ್ಸಿಗೆ ಅನಿಸಿದ್ದು ಹೇಳುತ್ತೇನೆ, ಬೇಜಾರಾಗಬೇಡಿ.

ನಮ್ಮ ಭಾಗದಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯ ಆಯಿತು, 119 ಚದರ ಕಿಲೋಮೀಟರ್. ಚಿಗರಿ ಹಿಂಡು ಹೊಲಕ್ಕೆ ನುಗ್ಗಿದರೆ ಎಳೆ ಪೈರು ಉಳಿಯುವುದಿಲ್ಲ. ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಕಾಯುತ್ತೇವೆ. ರಾತ್ರಿ ಹೊಲದಲ್ಲಿ ಮಲಗಿ ಡಬ್ಬಿ ಬಡಿಯುತ್ತೇವೆ. ಸಿಟ್ಟು ಬರುವುದಿಲ್ಲ ಎಂದರೆ ಸುಳ್ಳು. ಆದರೂ ನಾಯಿಗಳು ಕಚ್ಚಿದ ಒಂದು ಚಿಗರಿ ನಮ್ಮ ಬದುವಿನಲ್ಲಿ ಬಿದ್ದು ಒದ್ದಾಡಿದ್ದನ್ನು ನೋಡಿದ್ದೇನೆ. ಇಲಾಖೆಯವರು ಬರುವವರೆಗೆ ಅದರ ಪಕ್ಕದಲ್ಲೇ ಕೂತಿದ್ದೆವು. ಅದರ ಕಣ್ಣು ನೋಡಿದವರು ಪ್ರಾಣಿಗೆ ಅರೆಗಾಯ ಮಾಡುವ ಮಾತನ್ನು ಹಗುರವಾಗಿ ಆಡುವುದಿಲ್ಲ.

ಅಮೆರಿಕದಲ್ಲಿ ಯಾಕೆ ಕೊಲ್ಲಲು ಬಿಡುತ್ತಾರೆ? ಗುಂಡು ಸರಿಯಾಗಿ ಬೀಳದೆ ಓಡಿಹೋದರೆ ಅವರು ಏನು ಮಾಡುತ್ತಾರೆ? ಇದಕ್ಕೆ ಉತ್ತರ ಬೇಕು ನನಗೆ.

ಬ್ಯಾಡಗಿ_ಟು_ಮಿನೆಸೋಟ

ಅಣ್ಣಾರ, ನೀವು ಕೇಳಿದ್ದು ಸರಿ ಇದೆ. ನಾನೂ ನಿಮ್ಮ ಕಡೆಯವನೇ, ಬೆಳೆ ಕಾಯುವ ಕಷ್ಟ ನೋಡಿ ಬೆಳೆದವನು.

ಈ ಕಡೆ ತೋಳಗಳಂಥ ಬೇಟೆ ಪ್ರಾಣಿಗಳು ಬಹಳಷ್ಟು ಜಾಗಗಳಲ್ಲಿ ಇಲ್ಲವಾಗಿವೆ. ಜಿಂಕೆ ಮಿತಿಮೀರಿ ಬೆಳೆದರೆ ಕಾಡಿನ ಎಳೆಗಿಡಗಳೆಲ್ಲ ಖಾಲಿ. ಹೊಲಕ್ಕೆ ನುಗ್ಗುತ್ತವೆ, ರಸ್ತೆಯಲ್ಲಿ ಗಾಡಿಗೆ ಸಿಗುತ್ತವೆ, ಚಳಿಗಾಲದಲ್ಲಿ ಹಸಿವಿನಿಂದ ಸಾಯುತ್ತವೆ. ಅದಕ್ಕೇ ಪ್ರತಿ ರಾಜ್ಯವೂ ಯಾವ ಪ್ರದೇಶದಲ್ಲಿ ಎಷ್ಟು ಪರವಾನಗಿ ಕೊಡಬೇಕು ಎಂದು ತೀರ್ಮಾನಿಸುತ್ತದೆ. ಬಂದೂಕು, ತೋಟಾಗಳ ಮೇಲೆ ತೆರಿಗೆ ಹಾಕಿ ಆ ಹಣವನ್ನು ವನ್ಯಜೀವಿಗಳಿಗೇ ಬಳಸುವ ಕಾನೂನು 1937ರಿಂದ ಇದೆ. ಅಲ್ಲಿನ ಪರಿಸ್ಥಿತಿ ಬೇರೆ, ನಮ್ಮದು ಬೇರೆ. ಅಲ್ಲಿ ಸರಿ ಎಂದದ್ದು ಇಲ್ಲೂ ಸರಿ ಎಂದು ನಾನು ಹೇಳುವುದಿಲ್ಲ.

ಎರಡನೇ ಪ್ರಶ್ನೆ ಮುಖ್ಯ. ಸರಿಯಾಗಿ ಎರಡೂ ಶ್ವಾಸಕೋಶಕ್ಕೆ ಗುಂಡು ಬಿದ್ದರೂ ಜಿಂಕೆ ಹಲವು ಸಲ ನೂರು ಗಜ ಓಡಿ ಬೀಳುತ್ತದೆ. ಅದಕ್ಕೇ ಹೊಡೆದ ಕೂಡಲೇ ಅಟ್ಟಣೆ ಇಳಿದು ಓಡಬಾರದು. ಜಿಂಕೆ ನಿಂತ ಜಾಗ, ಕೊನೆಗೆ ಕಂಡ ಜಾಗ ಎರಡನ್ನೂ ಗುರುತು ಮಾಡಿಕೊಂಡು ಅರ್ಧ ಗಂಟೆ ಕಾಯಬೇಕು. ಆಮೇಲೆ ರಕ್ತ ನೋಡುತ್ತ ಹೋಗಬೇಕು. ತಿಳಿ ಕೆಂಪು, ನೊರೆನೊರೆ ಇದ್ದರೆ ಶ್ವಾಸಕೋಶ, ಹತ್ತಿರದಲ್ಲೇ ಬಿದ್ದಿರುತ್ತದೆ. ಕಪ್ಪಾದ ಕೆಂಪು ಇದ್ದರೆ ಯಕೃತ್ತು. ಹಸಿರು ಬೆರೆತು ವಾಸನೆ ಬಂದರೆ ಹೊಟ್ಟೆ. ಆಗ ಹಲವು ಗಂಟೆ ಸುಮ್ಮನಿರಬೇಕು. ಬೆನ್ನಟ್ಟಿದರೆ ಅದು ಎದ್ದು ಮೈಲುಗಟ್ಟಲೆ ಹೋಗಿಬಿಡುತ್ತದೆ, ಸಿಗುವುದಿಲ್ಲ. ಕಾಯುವ ಆ ಗಂಟೆಗಳು ಪ್ರಾಣಿಗೆ ನರಕ, ಹೊಡೆದವನಿಗೂ ಕಷ್ಟ.

ದೂರ ಕಡಿಮೆ ಇಟ್ಟುಕೊಳ್ಳಿ ಎನ್ನುವುದಕ್ಕೆ ಇಲ್ಲಿ ಇನ್ನೊಂದು ಕಾರಣ ಸಿಗುತ್ತದೆ. 60 ಗಜದಲ್ಲಿ ಗುಂಡು ಬಿದ್ದ ಜಿಂಕೆ ಹೇಗೆ ನಡುಗಿತು, ಯಾವ ಕಾಲು ಎಳೆಯಿತು, ಬಾಲ ಇಳಿಸಿತೇ ಎಲ್ಲ ಕಾಣುತ್ತದೆ. ಎಲ್ಲಿ ಬಿತ್ತು ಎಂದು ಆಗಲೇ ಅಂದಾಜಾಗುತ್ತದೆ. 300 ಗಜದಲ್ಲಿ ರೈಫಲ್ ಒದೆತಕ್ಕೆ ಸ್ಕೋಪ್ ಎಗರುತ್ತದೆ. ಮತ್ತೆ ಕಣ್ಣಿಟ್ಟಾಗ ಜಿಂಕೆಯೇ ಇರುವುದಿಲ್ಲ. ಎಲ್ಲಿ ನಿಂತಿತ್ತು ಎಂದು ಹುಡುಕುವುದರಲ್ಲೇ ಕತ್ತಲಾಗುತ್ತದೆ.

ಗುರಿ ಎಲ್ಲಿಡಬೇಕು ಎಂದರೆ, ಜಿಂಕೆ ಪೂರ್ತಿ ಅಡ್ಡ ನಿಂತಾಗ ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗದ ಮೇಲೆ. ಸ್ವಲ್ಪ ಆಚೆ ತಿರುಗಿ ನಿಂತಿದ್ದರೂ ಪರವಾಗಿಲ್ಲ. ಎದುರು ಮುಖ ಮಾಡಿದ್ದರೆ, ಬೆನ್ನು ತೋರಿಸಿದ್ದರೆ, ಓಡುತ್ತಿದ್ದರೆ ಹೊಸಬ ಟ್ರಿಗರ್ ಮುಟ್ಟಬಾರದು.

ರಾಣೆಬೆನ್ನೂರು_ರೈತ

ಪೂರ್ತಿ ಓದಿದೆ. ಕೊಲ್ಲುವುದು ಈಗಲೂ ನನಗೆ ಇಷ್ಟ ಇಲ್ಲ. ಆದರೆ ಕಾದು ಹುಡುಕಬೇಕು ಎಂಬ ನಿಮ್ಮ ಮಾತು ಹಿಡಿಸಿತು. ಆ ಹುಡುಗನಿಗೆ ಅದನ್ನು ಮೊದಲು ಹೇಳಿ.

ಹತ್ತು_ಮೀಟರ್

ನಾನು ಹುಬ್ಬಳ್ಳಿಯಲ್ಲಿ ಮಕ್ಕಳಿಗೆ ಏರ್ ರೈಫಲ್ ಹೇಳಿಕೊಡುತ್ತೇನೆ. ತಮ್ಮನ ಹಳೆಯ ಅಭ್ಯಾಸ ವ್ಯರ್ಥ ಅಲ್ಲ, ಅದನ್ನೇ ಹೇಳಬೇಕು ಅಂತ ಬಂದೆ.

10 ಮೀಟರ್ ಏರ್ ರೈಫಲ್‌ನಲ್ಲಿ ನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್. ಅದನ್ನು ನಿಂತೇ ಹೊಡೆಯಬೇಕು. ಉಸಿರು ಎಲ್ಲಿ ನಿಲ್ಲಿಸಬೇಕು, ಟ್ರಿಗರ್ ಹೇಗೆ ಮೆಲ್ಲಗೆ ಒತ್ತಬೇಕು, ಗುಂಡು ಹೋದ ಮೇಲೂ ಕಣ್ಣು ಕದಲದೆ ಇರಬೇಕು ಎಂಬುದೆಲ್ಲ ಅವನ ಮೈಗೆ ಗೊತ್ತಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು 50 ಮೀಟರ್ ಮೂರು ಭಂಗಿಯಲ್ಲಿ. ಮಂಡಿಯೂರಿ, ಮಲಗಿ, ನಿಂತು. ಅದೇ ಮನುಷ್ಯ, ಅದೇ ರೈಫಲ್. ಅಷ್ಟು ದೊಡ್ಡ ಆಟಗಾರರಿಗೂ ಮಲಗಿದಾಗ ಬರುವ ಅಂಕ ನಿಂತಾಗ ಬರುವುದಿಲ್ಲ. ಹಾಗಾಗಿ ನಿಮ್ಮ ತಮ್ಮನಿಗೆ ಒಂದೇ ದೂರದ ಮಿತಿ ಇರಲು ಸಾಧ್ಯವಿಲ್ಲ. ಭಂಗಿಗೊಂದು ಮಿತಿ ಇರಬೇಕು.

ಬೇರೆ ಇರುವುದು ಒದೆತ ಮತ್ತು ಸದ್ದು. ಏರ್ ರೈಫಲ್ ಟ್ರಿಗರ್ ಹೂವಿನಷ್ಟು ಹಗುರ. ಬೇಟೆ ರೈಫಲ್‌ನಲ್ಲಿ ಒಂದೂವರೆ ಕಿಲೋಗೂ ಜಾಸ್ತಿ ಒತ್ತಬೇಕಾಗಬಹುದು. ಹೊಸಬರು ಒದೆತ ಬರುವ ಮುಂಚೆಯೇ ಕಣ್ಣು ಮುಚ್ಚಿ ಹೆಗಲು ತಳ್ಳುತ್ತಾರೆ. ಅದು ಒಮ್ಮೆ ಅಂಟಿದರೆ ಬಿಡಿಸುವುದು ಬಹಳ ಕಷ್ಟ. ಅದಕ್ಕೆ ಪರಿಹಾರ ಖಾಲಿ ಹೊಡೆತ. ಮದ್ದುಗುಂಡು ಕೋಣೆಯಲ್ಲೇ ಇರಬಾರದು, ರೈಫಲ್ ಖಾಲಿ ಇದೆ ಎಂದು ಎರಡೆರಡು ಸಲ ನೋಡಿಕೊಂಡು, ಸುರಕ್ಷಿತ ದಿಕ್ಕಿಗೆ ತಿರುಗಿಸಿ ದಿನಾ ಸ್ವಲ್ಪ ಹೊತ್ತು. ರೇಂಜ್‌ನಲ್ಲಿ ಗೆಳೆಯ ತೋಟಾ ಹಾಕಿಯೋ ಹಾಕದೆಯೋ ಕೈಗೆ ಕೊಡಲಿ, ಯಾವುದು ಎಂದು ಹೇಳದೆ. ಖಾಲಿ ಇದ್ದಾಗ ನಳಿಕೆ ಕೆಳಗೆ ಕುಸಿದರೆ ಅಂಜಿಕೆ ಇದೆ ಎಂದರ್ಥ. ಕಿವಿಗೆ ಮಫ್ ಹಾಕಿಕೊಳ್ಳದೆ ಒಂದೂ ಗುಂಡು ಹೊಡೆಯಬಾರದು.

ಪರೀಕ್ಷೆ ಹೀಗೆ ಮಾಡಲಿ. 8 ಇಂಚಿನ ಕಾಗದದ ತಟ್ಟೆ, ನಡುವೆ ಚುಕ್ಕೆ ಬೇಡ. ಜಿಂಕೆಯ ಮೈ ಮೇಲೆ ಚುಕ್ಕೆ ಇರುವುದಿಲ್ಲವಲ್ಲ. 50 ಗಜದಿಂದ ಶುರು. ಸ್ವಲ್ಪ ದೂರ ಬಿರುಸಾಗಿ ನಡೆದು ಬಂದು, ಎದೆ ಬಡಿಯುತ್ತಿರುವಾಗಲೇ ಕೂತು ಒಂದು ಗುಂಡು. ಮತ್ತೆ ಎದ್ದು ನಡೆದು ಇನ್ನೊಂದು. ಹತ್ತಕ್ಕೆ ಹತ್ತೂ ತಟ್ಟೆಯೊಳಗೆ ಬಿದ್ದರೆ ಮಾತ್ರ 25 ಗಜ ಹಿಂದಕ್ಕೆ. ಒಂದು ಹೊರಗೆ ಹೋಯಿತೋ, ಆ ಭಂಗಿಯ ಮಿತಿ ಹಿಂದಿನ ದೂರ. ನಿಜವಾದ ಜಿಂಕೆ ಎದುರು ನಿಂತಾಗ ಕೈ ನಡುಗುವುದು ಇದಕ್ಕಿಂತ ಜಾಸ್ತಿ, ಅದನ್ನು ಯಾವ ತಟ್ಟೆಯೂ ತೋರಿಸುವುದಿಲ್ಲ.

ವಿದ್ಯಾನಗರ_ಹುಬ್ಬಳ್ಳಿ

ಇಷ್ಟು ಕಾಳಜಿಯಿಂದ ಬರೆದಿದ್ದಕ್ಕೆ ಎಲ್ಲರಿಗೂ ಕೈ ಮುಗಿಯುತ್ತೇನೆ. ತಮ್ಮನಿಗೆ ಎಲ್ಲ ಕಳಿಸಿದೆ. ಹೊಸ ರೈಫಲ್ ವಿಚಾರ ಬಿಟ್ಟಿದ್ದಾನೆ. ಕೋರ್ಸ್ ಸೇರಿದ್ದಾನೆ, ಲೈಸೆನ್ಸ್ ಬಂದ ಮೇಲೆ ರೇಂಜ್.

ಅವನದೊಂದು ಪ್ರಶ್ನೆ. ಸ್ಕೋಪ್ ಅನ್ನು 100 ಗಜಕ್ಕೆ ಜೀರೋ ಮಾಡಬೇಕೋ 200ಕ್ಕೋ? ಅಂದರೆ ಯಾವ ದೂರದಲ್ಲಿ ಗುರಿ ಇಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಬೇಕು ಅಂತ. ಗೆಳೆಯ 200 ಅನ್ನುತ್ತಾನಂತೆ.

ಗೋಕುಲ_ರಸ್ತೆ

ಇದಕ್ಕೆ ನಾನು ಹೇಳುತ್ತೇನೆ. .308ರಲ್ಲಿ 150 ಗ್ರೇನ್ ಗುಂಡನ್ನು 200 ಗಜಕ್ಕೆ ಜೀರೋ ಮಾಡಿದರೆ 100 ಗಜದಲ್ಲಿ ಸುಮಾರು 2 ಇಂಚು ಮೇಲೆ ಬೀಳುತ್ತದೆ, 300ಕ್ಕೆ ಹತ್ತಿರ ಹತ್ತಿರ 9 ಇಂಚು ಕೆಳಗೆ, 400ಕ್ಕೆ ಎರಡು ಅಡಿ ಕೆಳಗೆ. 100 ಗಜಕ್ಕೆ ಜೀರೋ ಮಾಡಿದರೆ 200ರಲ್ಲಿ ಸುಮಾರು 4 ಇಂಚು ಕೆಳಗೆ. ಬಯಲಿನಲ್ಲಿ ನಾನಾದರೆ 200 ಅನ್ನುತ್ತಿದ್ದೆ. ಆದರೆ ಈ ಚರ್ಚೆ ಓದಿದ ಮೇಲೆ, ದಟ್ಟ ಕಾಡಿನಲ್ಲಿ ಕೂರುವ ಹೊಸಬನಿಗೆ 100ಕ್ಕೇ ಜೀರೋ ಸಾಕು ಅನ್ನಿಸುತ್ತಿದೆ. 125 ಗಜದವರೆಗೆ ಏನೂ ಲೆಕ್ಕ ಹಾಕದೆ ನೇರ ಗುರಿ ಇಟ್ಟು ಹೊಡೆಯಬಹುದು. ಅವನ ಮಿತಿ ಹೇಗೂ ಅದರೊಳಗೇ ಬರುತ್ತದೆ.

ಹವಾಲ್ದಾರ್_ನಿವೃತ್ತ_ಗದಗ

100 ಸರಿ. ಬೇಟೆಗೆ ಒಯ್ಯುವ ತೋಟಾದಲ್ಲೇ ಜೀರೋ ಮಾಡಬೇಕು. ಕಂಪನಿ ಬದಲಾದರೆ, ಗ್ರೇನ್ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಆಮೇಲೆ ಬೇರೆ ದಿನ ಬೆಳಗ್ಗೆ, ನಳಿಕೆ ತಣ್ಣಗಿದ್ದಾಗ ಮೊದಲ ಗುಂಡು ಎಲ್ಲಿ ಬೀಳುತ್ತದೆ ನೋಡಲಿ. ಕಾಡಿನಲ್ಲಿ ಸಿಗುವುದು ಆ ಮೊದಲ ಗುಂಡು ಮಾತ್ರ. ವಿಸ್ಕಾನ್ಸಿನ್ ಚಳಿಯಲ್ಲಿ ದಪ್ಪ ಕೋಟು ಹಾಕಿಕೊಳ್ಳುತ್ತಾನೆ, ಅದೇ ಕೋಟು ಹಾಕಿಕೊಂಡು ರೇಂಜ್‌ನಲ್ಲೂ ಹೊಡೆಯಲಿ. ಹೆಗಲಿಗೆ ರೈಫಲ್ ಕೂರುವ ರೀತಿಯೇ ಬೇರೆಯಾಗುತ್ತದೆ.

ವಿದ್ಯಾನಗರ_ಹುಬ್ಬಳ್ಳಿ

ಕೆಲವು ವಾರದ ಮೇಲೆ ಬರೆಯುತ್ತಿದ್ದೇನೆ. ತಮ್ಮ ತಟ್ಟೆಗಳ ಫೋಟೊ ಕಳಿಸಿದ್ದಾನೆ. ಕೂತು, ಕೋಲಿಗೆ ಒರಗಿಸಿ ಹೊಡೆದಾಗ 100 ಗಜದಲ್ಲಿ ಎಲ್ಲ ಗುಂಡುಗಳೂ ಒಳಗೆ. 125ಕ್ಕೆ ಹೋದಾಗ ಹೊರಗೆ ಬಿದ್ದಿದ್ದು ಇದೆ. ನಿಂತು ಹೊಡೆದರೆ 50 ಗಜದಲ್ಲಿ ಒಳಗೆ, 75ಕ್ಕೆ ಆಗಲಿಲ್ಲ. ಹಾಗಾಗಿ ಕೂತರೆ 100, ನಿಂತರೆ 50 ಎಂದು ತಾನೇ ಬರೆದಿಟ್ಟುಕೊಂಡಿದ್ದಾನೆ. ಗೆಳೆಯರು ಅವನಿಗೆ ಕೊಟ್ಟಿರುವ ಅಟ್ಟಣೆ ಕಾಡಿನೊಳಗೆ ಇದೆಯಂತೆ. ಒಂದು ಕಡೆ ಮಾತ್ರ ಕತ್ತರಿಸಿದ ಮೆಕ್ಕೆಜೋಳದ ಹೊಲ ಕಾಣುತ್ತದೆ, ಅದರಾಚೆ ಒಂದು ಮನೆ. ಅಲ್ಲಿ ಏನು ಮಾಡಬೇಕು ಎಂದು ಕೇಳುತ್ತಿದ್ದಾನೆ.

ಬ್ಯಾಡಗಿ_ಟು_ಮಿನೆಸೋಟ

ಮನೆ ಇರುವ ಕಡೆಗೆ ಹೊಡೆಯಲೇಬಾರದು, ಜಿಂಕೆ 30 ಗಜದಲ್ಲಿ ನಿಂತಿದ್ದರೂ. .308 ಗುಂಡು ಏನಕ್ಕೂ ತಾಗದಿದ್ದರೆ 3 ಕಿಲೋಮೀಟರ್‌ಗೂ ಆಚೆ ಹೋಗುತ್ತದೆ. ಜಿಂಕೆಯ ಮೈಯನ್ನೂ ದಾಟಿ ಹೋಗುವುದು ಮಾಮೂಲು. ಹಿಂದೆ ದಿಬ್ಬ ಇರಬೇಕು, ಅಥವಾ ಅಟ್ಟಣೆಯಿಂದ ಕೆಳಮುಖವಾಗಿ ಹೊಡೆದ ಗುಂಡು ಹತ್ತಿರದಲ್ಲೇ ಮಣ್ಣಿಗೆ ಇಳಿಯಬೇಕು. ಸೀಸನ್ನಿನ ಹಿಂದಿನ ದಿನವೇ ಹಗಲಲ್ಲಿ ಅಟ್ಟಣೆ ಹತ್ತಿ ಯಾವ ದಿಕ್ಕಿಗೆ ಹೊಡೆಯಬಹುದು, ಯಾವ ದಿಕ್ಕಿಗೆ ಇಲ್ಲ ಎಂದು ನೋಡಿಕೊಳ್ಳಲಿ. ಗೆಳೆಯರ ದೂರಮಾಪಕ ತಗೊಂಡು 50 ಮತ್ತು 100 ಗಜದ ಮರಗಳಿಗೆ ಬಣ್ಣದ ಟೇಪ್ ಕಟ್ಟಲಿ. ಬೆಳಗಿನ ಮಬ್ಬಿನಲ್ಲಿ ಎಲ್ಲ ದೂರವೂ ಒಂದೇ ಥರ ಕಾಣುತ್ತದೆ, ಆಗ ಟೇಪ್ ನೋಡಿದರೆ ಸಾಕು. ಅಟ್ಟಣೆ ಹತ್ತುವಾಗ, ಇಳಿಯುವಾಗ ರೈಫಲ್ ಖಾಲಿ ಇರಲಿ, ಹಗ್ಗ ಕಟ್ಟಿ ಮೇಲೆ ಎಳೆದುಕೊಳ್ಳಲಿ. ಸೊಂಟದ ಬೆಲ್ಟ್ ಅಲ್ಲ, ಪೂರ್ತಿ ಮೈಗೆ ಹಾಕುವ ಸುರಕ್ಷತಾ ಪಟ್ಟಿ ಹಾಕಿಕೊಳ್ಳಲಿ. ಅದು ಗೆಳೆಯರ ಹತ್ತಿರ ಇಲ್ಲದಿದ್ದರೆ ನನಗೆ ತಿಳಿಸಿ, ನನ್ನ ಹತ್ತಿರ ಒಂದು ಜಾಸ್ತಿ ಇದೆ, ಕಳಿಸುತ್ತೇನೆ.